ಮನೆಯಲ್ಲಿ ಓದಿಕೊಳ್ಳಿ ಎಂದಿದ್ದ ಪಾಠ

ಟೀಚರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಸಣ್ಣ ಪ್ರಾಯದಲ್ಲಿ ತೊಡೆಯ ಮೇಲಿದ್ದ ಮಗು ಬೆಂಡೋಲೆ ಹಿಡಿದು ಜಗ್ಗಿದ ಗುರುತು ಅದು. ಹೊಲಿಸಿಕೊಳ್ಳಿ ಎಂದವರು ಬಹಳ ಮಂದಿ. ಅವರು ಹೊಲಿಸಲೂ ಇಲ್ಲ, ಸೆರಗಿನಿಂದ ಮುಚ್ಚಲೂ ಇಲ್ಲ. ಬಲಗಿವಿಗೆ ಮಾತ್ರ ಬೆಂಡೋಲೆ ಹಾಕಿ, ಕೊಡೆ ಹಿಡಿದು ಕನ್ಯಾನದ ರಸ್ತೆಯಲ್ಲಿ ನಡೆದರೆ ಹೊಸಬರು ತಿರುಗಿ ನೋಡುತ್ತಿದ್ದರು. "ಒಂದು ಎಲ್ಲಿ ಬಿತ್ತು ಟೀಚರ್?" ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಒಂದು ಉಳಿದುಂಟಲ್ಲ, ಅದನ್ನು ನೋಡಿ" ಎನ್ನುವರು.

ಸರಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ, ನಮ್ಮ ಮನೆಯಿಂದ ಸ್ವಲ್ಪ ಕೆಳಗೆ ತಮ್ಮನ ಸಂಸಾರದ ಜೊತೆ ಇದ್ದರು. ಅವರ ಸ್ವರ ದೊಡ್ಡದು. ಅವರು ತಮ್ಮ ಅಂಗಳದಲ್ಲಿ ನಿಂತು ಬೆಕ್ಕಿಗೆ ಬೈದರೆ ನಮ್ಮ ಮನೆಯ ಬೆಕ್ಕೂ ಒಲೆಯ ಹಿಂದೆ ಸೇರಿಕೊಳ್ಳುತ್ತಿತ್ತು. ಅಂಥವರಿಗೂ ನಾಚಿಕೆಯಾಗುತ್ತಿತ್ತು ಎಂದರೆ ಊರಿನವರು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ನಾಚಿಕೆಯನ್ನು ಹೇಳಬೇಕು.

ಏಳನೆಯ ತರಗತಿಯಲ್ಲಿದ್ದಾಗ, ಜನವರಿಯ ಒಂದು ಬೆಳಿಗ್ಗೆ, ಲೆಕ್ಕ ಬಿಡಿಸಲು ಬೋರ್ಡಿನ ಹತ್ತಿರ ಹೋದೆ. ಹಿಂದಿನಿಂದ ಒಬ್ಬ ನಕ್ಕ. ಮತ್ತೆ ಇಡೀ ಬೆಂಚು ನಕ್ಕಿತು. ಸರ್ ನನ್ನ ಲಂಗದ ಕಡೆ ನೋಡಿ, ತಕ್ಷಣ ಕಿಟಕಿಯ ಕಡೆ ಮುಖ ತಿರುಗಿಸಿದರು. ಏನಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಅಮ್ಮ ಮೊದಲೇ ಏನೂ ಹೇಳಿರಲಿಲ್ಲ. ಎಲ್ಲೋ ಗಾಯವಾಗಿದೆ ಎಂದೇ ತಿಳಿದಿದ್ದೆ. ಶಾಲೆಯ ಆಯಾ ನನ್ನ ಬ್ಯಾಗನ್ನು ನನ್ನ ಬೆನ್ನ ಹಿಂದೆ ಅಡ್ಡ ಹಿಡಿದುಕೊಂಡು ರಿಕ್ಷಾ ಹತ್ತಿಸಿದರು. ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಯಾರಿಗೂ ಹೇಳಬೇಡ." ನಾನು ಹೇಳಿದ್ದೂ ಇಷ್ಟೇ: "ನಾನಿನ್ನು ಶಾಲೆಗೆ ಹೋಗುವುದಿಲ್ಲ."

ಅಮ್ಮ ಅತ್ತರು, ಹೊಡೆದರು, ಚಾಕಲೇಟು ಕೊಟ್ಟರು. ನಾನು ಹೊರಡಲಿಲ್ಲ. ಅಪ್ಪ ಅಬುಧಾಬಿಯಲ್ಲಿದ್ದರು. ಫೋನಿನಲ್ಲಿ ಗಂಡನಿಗೂ ಕಾರಣ ಹೇಳಲಾರದೆ ಅಮ್ಮ ಒದ್ದಾಡಿ, ಕೊನೆಗೆ "ಜಾಂಡೀಸ್" ಎಂದರು. ಒಮ್ಮೆ ಬಾಯಿಯಿಂದ ಬಂದ ಮೇಲೆ ಶಾಲೆಗೂ ಅದೇ, ನೆಂಟರಿಗೂ ಅದೇ. ಈಗ ಮಕ್ಕಳನ್ನು ಮನೆಯಲ್ಲೇ ಕಲಿಸುವುದಕ್ಕೆ ಹೋಮ್‌ಸ್ಕೂಲಿಂಗ್ ಎಂಬ ಚಂದದ ಹೆಸರಿದೆ. ಓದಿದವರು ಹೆಮ್ಮೆಯಿಂದಲೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ಜಾಂಡೀಸ್ ಎಂದಿತ್ತು.

ಸುದ್ದಿ ಕೇಳಿದವರೆಲ್ಲ ಮದ್ದು ತಂದರು. ಅಮ್ಮ ಬಂದವರ ಎದುರಿಗೇ ನನಗೆ ಕುಡಿಸಬೇಕಾಯಿತು. ಹಾಗೆ ಟೀಚರ್ ಕೂಡ ಒಂದು ಲೋಟ ಕಿರುನೆಲ್ಲಿ ಕಷಾಯ ತಂದರು. ಕುಡಿಸುವ ಮೊದಲು ಹೆಬ್ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಎರಡನೆಯ ಕಣ್ಣನ್ನೂ ನೋಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತಾ ನಿಂತಿದ್ದರು.

"ಇದೆಂಥ ಜಾಂಡೀಸ್ ಮಾರಾಯ್ತಿ, ಇವಳ ಕಣ್ಣು ನನ್ನ ಸೀರೆಗಿಂತ ಬಿಳಿ ಉಂಟು" ಎಂದು ಟೀಚರ್ ಅಮ್ಮನ ಮುಖ ನೋಡಿದರು. ನಾನು ನೆಲ ನೋಡಿದೆ. ಮೂವರೂ ಹೆಂಗಸರೇ, ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೋರ್ಡಿನ ಹತ್ತಿರ ನಡೆದದ್ದನ್ನು ಅಮ್ಮ ಎರಡೇ ಮಾತಿನಲ್ಲಿ ಪಿಸುಗುಟ್ಟಿದರು. ಟೀಚರ್ ಆ ಕಹಿ ಕಷಾಯವನ್ನು ತಾವೇ ಗಟಗಟ ಕುಡಿದು ಲೋಟ ಕೆಳಗಿಟ್ಟರು. "ನಾಳೆ ಬೆಳಿಗ್ಗೆ ಬರ್ತೇನೆ. ಮಂಜು ಕರಗುವ ಮೊದಲು ಇವಳನ್ನು ಏಳಿಸಿ ಇಡು. ಮಾರ್ಚಿನಲ್ಲಿ ಪರೀಕ್ಷೆ ಉಂಟಲ್ಲ, ಅಷ್ಟರವರೆಗೆ ನಾನು ನೋಡ್ತೇನೆ."

ಮರುದಿನ ಪುಸ್ತಕ ಹಿಡಿದು ಕಾದಿದ್ದ ನನ್ನನ್ನು ಅವರು ಹಿಂಬದಿಯ ಗದ್ದೆಗೆ ಕರೆದೊಯ್ದರು. "ಪುಸ್ತಕ ಎಲ್ಲಿಗೂ ಓಡುವುದಿಲ್ಲ, ಮಂಜು ಓಡ್ತದೆ." ಚಳಿಗಾಲ ಮುಗಿಯುತ್ತಾ ಬಂದ ದಿನಗಳು. ಕಟಾವಾದ ಗದ್ದೆಯಲ್ಲಿ ಉದ್ದು ಮೊಳಕೆಯೊಡೆದಿತ್ತು. ಹುಲ್ಲಿನ ಮೇಲೆ ಜೇಡನ ಬಲೆಗಳು ಹನಿ ಹಿಡಿದು ನಿಂತಿದ್ದವು. ಬಿಸಿಲು ಏರುವವರೆಗೆ ಅಲ್ಲೇ ಕುಳಿತು, ಹನಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೇ ಪಾಠ. ಇನ್ನೊಂದು ದಿನ ತೋಡಿನ ನೀರಿಗೆ ಅಡ್ಡ ಹಾಕಿದ ಕಟ್ಟದ ಹತ್ತಿರ ಕೋಲು ನೆಟ್ಟು ನೀರು ಇಳಿಯುವುದನ್ನು ನೋಡುವುದು. ಮತ್ತೊಂದು ದಿನ ಗೇರುಮರದ ಕೆಳಗೆ ಹೂವಿನ ಗೊಂಚಲು ಬಗ್ಗಿಸಿ ಹಿಡಿದು, ಯಾವ ಹೂ ಗಂಡು, ಯಾವುದು ಕಾಯಿ ಕಟ್ಟುತ್ತದೆ, ಇರುವೆ ಮತ್ತು ನೊಣ ಅಲ್ಲಿ ಯಾಕೆ ಓಡಾಡುತ್ತವೆ ಎಂದು ರಸ್ತೆಗೆ ಕೇಳಿಸುವಂತೆ ವಿವರಿಸುವರು. ಪರಾಗ, ಗರ್ಭ, ಅಂಡ ಎಲ್ಲ ಶಬ್ದಗಳೂ ಹೂವಿನ ವಿಷಯದಲ್ಲಿ ಸಲೀಸಾಗಿ ಬಂದವು. ಮಾವಿನ ಹೂವಿನ ಕೆಳಗೆ ಕೂತು ನಾನು ಭಿನ್ನರಾಶಿ ಕಲಿತೆ. ನನಗೆ ಖುಷಿಯೂ ಆಗುತ್ತಿತ್ತು. ಆದರೆ ಶಾಲೆಯ ವ್ಯಾನಿನ ಹಾರ್ನ್ ಕೇಳಿದರೆ ಮರದ ಹಿಂದೆ ಅಡಗುತ್ತಿದ್ದೆ. ಟೀಚರ್ ಅದನ್ನು ನೋಡಿಯೂ ನೋಡದಂತೆ ಇದ್ದರು. ಗೇರುಹೂವಿಗೆ ಹೇಳಿದ್ದನ್ನು ನನಗೆ ಹೇಳಲು ಅವರಿಗೂ ಬಾಯಿ ಬರುತ್ತಿರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅವರು ಹಾರೆ ಹಿಡಿದುಕೊಂಡು ಬಂದರು. ಬೀಜ ಬಿತ್ತಿ ಮೊಳಕೆ ನೋಡುವ ಪಾಠ. ನಾನು ಅಂಗಳಕ್ಕೆ ಇಳಿಯಲಿಲ್ಲ. ತಿಂಗಳು ತುಂಬಿ ಮತ್ತೆ ಅದೇ ಆಗಿತ್ತು. ಹಿಂದಿನ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟುಕೊಂಡು ಕೂತಿದ್ದೆ. ಟೀಚರ್ ತಾವೇ ಬಾಳೆಯ ಬುಡದ ಹತ್ತಿರ ಹಾರೆ ಎತ್ತಿದ್ದು ನೋಡಿ ಅಮ್ಮ ಒಳಗಿನಿಂದ ಓಡಿ ಬಂದರು.

"ಅಯ್ಯೋ ಟೀಚರ್, ಅಗೆಯಬೇಡಿ! ಇವತ್ತು ಕೆಡ್ಡಸ!"

ನಮ್ಮ ತುಳುವರಲ್ಲಿ ಕೆಡ್ಡಸವೆಂದರೆ ಭೂಮಿ ಮುಟ್ಟಾಗುವ ದಿನಗಳು. ಮೂರು ದಿನ ಯಾರೂ ನೆಲ ಅಗೆಯುವುದಿಲ್ಲ, ಹಸಿ ಗಿಡಮರ ಕಡಿಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ನೆಲಕ್ಕೆ ಎಣ್ಣೆ, ಅರಿಶಿನ ಹಾಕಿ, ಹುರಿದ ಅಕ್ಕಿ, ಹುರುಳಿ, ಬೆಲ್ಲ ಸೇರಿಸಿ ಕುಟ್ಟಿದ ನನ್ನೆರಿ ಬಡಿಸುತ್ತಾರೆ.

ಟೀಚರ್ ಹಾರೆ ಇಳಿಸಿ ಹಣೆ ಚಚ್ಚಿಕೊಂಡರು. "ಶಾಲೆಗೆ ರಜೆ ಕೊಡದ ಹಬ್ಬ ನನಗೆ ನೆನಪೇ ಇರುವುದಿಲ್ಲ, ನೋಡು. ಹುಡುಗಿ ಎಲ್ಲಿ?"

ಅಮ್ಮನ ಸ್ವರ ಒಮ್ಮೆಲೇ ಇಳಿಯಿತು. "ಅವಳು… ಹಿಂದೆ ಕೂತಿದ್ದಾಳೆ. ಅಂಗಳಕ್ಕೆ ಬರುವ ಹಾಗಿಲ್ಲ."

ಬಾಗಿಲ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಟೀಚರ್ ಹಾರೆಯ ಹಿಡಿಯ ಮೇಲೆ ಕೈಯೂರಿ ನಿಂತುಬಿಟ್ಟರು. "ಭೂಮಿಯದ್ದಾದರೆ ಊರಿಗೆಲ್ಲ ಕೇಳುವ ಹಾಗೆ ಕೂಗ್ತಿ. ಮಗಳದ್ದಾದರೆ ಪಿಸುಪಿಸು" ಎಂದರು. ಅಮ್ಮ ತಲೆ ತಗ್ಗಿಸಿದರು. ಟೀಚರೇ ಮುಂದುವರಿಸಿದರು: "ನಿನಗೆ ಹೇಳ್ತೇನೆ ನಾನು. ನಾನೇನು ಬಾಯಿ ಬಿಟ್ಟಿದ್ದೇನಾ?"

ಒಳಗೆ ಬಂದು, ಅಮ್ಮ ಬೇಡ ಬೇಡ ಎನ್ನುತ್ತಿದ್ದಂತೆ, ನನ್ನ ಚಾಪೆಯ ಮೇಲೆಯೇ ಕೂತರು. ನಾನು ಗೋಡೆಗೆ ಸರಿದೆ, ಅವರೂ ಸರಿದರು. ವಿಜ್ಞಾನದ ಪುಸ್ತಕ ತೆರೆದು ಮಾನವ ದೇಹದ ಆ ಪಾಠಕ್ಕೆ ಬಂದರು. ಹುಡುಗಿಯರು ಹೇಗೆ ದೊಡ್ಡವರಾಗುತ್ತಾರೆ ಎಂಬ ಪಾಠ. ಬಾಯಿ ತೆರೆದರು. ಸ್ವರ ಬರಲಿಲ್ಲ. ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. ಆ ಪ್ರಾಯದ ಹೆಂಗಸಿನ ಮುಖ, ಸೀಳಿದ ಕಿವಿಯ ತನಕ, ಕೆಂಪಾಗಿದ್ದನ್ನು ನಾನು ನೋಡಿದೆ.

"ಈ ಪಾಠ ನಾನು ಒಂದು ವರ್ಷವೂ ಮಾಡಲಿಲ್ಲ ಮಗಾ" ಎಂದರು. "ಇದು ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗ್ತಿದ್ದೆ. ಗಂಡು ಮಕ್ಕಳು ನಗ್ತಾರೆ ಅಂತ ಹೆದರಿಕೆ. ನಾನು ಬಾಯಿ ಬಿಡದ ಕಾರಣ ಎಷ್ಟು ಮಕ್ಕಳು ನಿನ್ನ ಹಾಗೆ ಬೋರ್ಡಿನ ಹತ್ತಿರ ನಿಂತಿದ್ದಾರೋ! ನೆನೆದರೆ ನಾಚಿಕೆ ಆಗ್ತದೆ." ಪುಟದ ಮೇಲೆ ಕೈ ಸವರಿದರು. "ಈಗ ಮನೆಯಲ್ಲೇ ಇದ್ದೇವಲ್ಲ. ಓದುವ."

ಓದಿದರು. ಮೊದಲ ಸಾಲುಗಳು ತೊದಲಿದವು. ಸ್ವರ ನನಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಇದು ಗರ್ಭಕೋಶ, ಇದು ಅಂಡಾಶಯ ಎನ್ನುವಷ್ಟರಲ್ಲಿ ಸ್ವರ ಸ್ವಲ್ಪ ಏರಿತು. ಒಳಗೆ ನನ್ನೆರಿ ಕುಟ್ಟುತ್ತಿದ್ದ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಒನಕೆ ಹಿಡಿದುಕೊಂಡೇ ಅಮ್ಮ ಬಾಗಿಲಿಗೆ ಬಂದು, "ಟೀಚರ್, ಅದು ಕೊಳೆ ರಕ್ತ ಅಲ್ವಾ?" ಎಂದು ಕೇಳಿದರು.

"ಯಾರು ಹೇಳಿದ್ದು?"

"ನನ್ನ ಅಮ್ಮ."

"ನನಗೂ ನನ್ನ ಅಮ್ಮನೇ ಹೇಳಿದ್ದು. ಅಲ್ಲ ಮಾರಾಯ್ತಿ. ಮಗು ಬಂದರೆ ಮಲಗಲಿಕ್ಕೆ ಅಂತ ಹಾಸಿದ ಹಾಸಿಗೆ. ಬರಲಿಲ್ಲ ಅಂತ ಮಡಚಿ ಹೊರಗೆ ಹಾಕುವುದು. ಬಾ, ನೀನೂ ಕೂತುಕೋ."

ಅಮ್ಮ ಬಂದು ಚಾಪೆಯ ಮೇಲೆ ಕೂರಲಿಲ್ಲ. ಹೊಸ್ತಿಲ ಮೇಲೆ ಕೂತರು. ಪಾಠ ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ಮಾರ್ಚಿನಲ್ಲಿ ಟೀಚರೇ ನನ್ನನ್ನು ಬಸ್ಸಿನಲ್ಲಿ ಶಾಲೆಗೆ ಕರೆದೊಯ್ದರು. ಇಷ್ಟು ದಿನದ ಜಾಂಡೀಸಿಗೆ ಡಾಕ್ಟರ ಚೀಟಿ ಬೇಕು ಎಂದರು ಹೆಡ್‌ಮಾಸ್ಟರು. "ಜಾಂಡೀಸ್ ಅಲ್ಲ ಸರ್, ಮುಟ್ಟು" ಎಂದರು ಟೀಚರ್, ತಮ್ಮ ಹಳೆಯ ಸ್ವರದಲ್ಲಿ. ಪಕ್ಕದ ಕೋಣೆಯ ಪಾಠ ನಿಂತಿತು. ಹೆಡ್‌ಮಾಸ್ಟರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕತೊಡಗಿದರು. ನನಗೆ ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. "ಮಕ್ಕಳು ನಕ್ಕರು, ನಿಮ್ಮವರು ಸುಮ್ಮನಿದ್ದರು. ಮನೆಯಲ್ಲಿ ಕಲಿತಿದ್ದಾಳೆ. ಪರೀಕ್ಷೆಗೆ ಕೂರಿಸಿ ನೋಡಿ." ಕೂರಿಸಿದರು. ನಾನು ಬರೆದೆ, ಪಾಸಾದೆ, ಮತ್ತೆ ಶಾಲೆ ಬಿಡಲಿಲ್ಲ.

ನಾನೀಗ ಮೆಲ್ಕಾರಿನಲ್ಲಿ ಒಂದು ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತೇನೆ. ಪ್ಯಾಡ್ ಕೇಳಿದವರಿಗೆ ಹಳೆಯ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಡುತ್ತೇನೆ. ಅಂಗಡಿಗೆ ಸೇರಿದ ದಿನ ಹಾಗೆ ತೋರಿಸಿಕೊಟ್ಟಿದ್ದರು. ಒಮ್ಮೆ ಬಿಪಿ ಮಾತ್ರೆಗೆ ಬಂದ ಟೀಚರ್ ಅದನ್ನು ನೋಡಿದರು. ಗಿರಾಕಿ ಹೋದ ಮೇಲೆ, "ನನ್ನ ಮಾತ್ರೆಯನ್ನೂ ಪೇಪರಿನಲ್ಲಿ ಸುತ್ತು ಮಗಾ, ಬಿಪಿ ಉಂಟು ಅಂತ ಊರಿಗೆ ಗೊತ್ತಾಗುವುದು ಬೇಡ" ಎಂದು ನಕ್ಕರು. ನಾನೂ ನಕ್ಕೆ. ಮುಂದಿನ ಗಿರಾಕಿಗೆ ಮತ್ತೆ ಪೇಪರನ್ನೇ ತೆಗೆದೆ.

ಕಳೆದ ವರ್ಷ ಟೀಚರ್ ಹೋದರು. ಚಾವಡಿಯಲ್ಲಿ ಮಲಗಿಸಿದ್ದರು. ಬಂದವರು ಒಬ್ಬೊಬ್ಬರಾಗಿ ತುಳಸಿಯ ನೀರನ್ನು ಬಾಯಿಗೆ ಬಿಡುತ್ತಿದ್ದರು. ನಾನು ಅಂಗಳದ ಬದಿಯಲ್ಲಿ, ನೆಂಟರ ಹಿಂದೆ ನಿಂತಿದ್ದೆ. ಮುಂದೆ ಹೋಗುವ ನಮ್ಮ ಸರದಿ ಬಂದಾಗ ಅಮ್ಮನ ಕಿವಿಯಲ್ಲಿ, "ನಾನು ಬರುವುದಿಲ್ಲ, ಹೊರಗೆ ಆಗಿದ್ದೇನೆ" ಎಂದೆ. ಯಾರೂ ನನ್ನನ್ನು ತಡೆದಿರಲಿಲ್ಲ. ಯಾರಿಗೂ ಗೊತ್ತೂ ಇರಲಿಲ್ಲ.

ಅಮ್ಮ ನನ್ನನ್ನು ಒಮ್ಮೆ ನೋಡಿದರು. ಗಂಡನಿಗೂ ಆ ಶಬ್ದ ಹೇಳಲಾರದೆ ಮಗಳಿಗೆ ರೋಗ ಕಟ್ಟಿದ ಹೆಂಗಸು. "ಮುಟ್ಟಾದರೆ ಏನಾಯ್ತು?" ಎಂದರು, ಸುತ್ತಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ನಮ್ಮಿಬ್ಬರಿಗೂ ಹೇಳಿಕೊಟ್ಟದ್ದು ಅವರೇ ಅಲ್ವಾ? ಹೋಗು, ನೀರು ಬಿಡು."

ಹೋದೆ. ನನ್ನ ಕೈಯ ನೀರು ಅವರ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಸೆರಗಿನಿಂದ ಒರೆಸಿದೆ. ಅವರು ಬಾಯಿಬಿಟ್ಟು ಪಾಠ ಹೇಳಿದ್ದು ನನಗೆ. ಅದನ್ನು ನಾಲ್ಕು ಜನರ ಎದುರು ಬಾಯಿಬಿಟ್ಟು ಹೇಳಿದ್ದು ಹೊಸ್ತಿಲ ಮೇಲೆ ಕೂತು ಕೇಳಿದ ಅಮ್ಮ. ನನ್ನ ಈ ನಾಚಿಕೆಯನ್ನು ಯಾವ ಪೇಪರಿನಲ್ಲಿ ಸುತ್ತಿಡಲಿ?