ಟವೆಲ್ಲಿಗೆ ಬಿದ್ದ ಮತ

ಹಳೇ ಗ್ರೀಕರು ಬಯಲಲ್ಲಿ ಸಭೆ ಸೇರಿ, ಕೈ ಎತ್ತಿ ಊರಾಳುತ್ತಿದ್ದ ಜಾಗಗಳನ್ನು ಅಗೆದು ನೋಡುವುದು ನನ್ನ ಕಸುಬು. ಎಪ್ಪತ್ತರ ದಶಕದಲ್ಲೊಮ್ಮೆ ಅಲ್ಲಿಂದ ಬಂದವನು ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿ, ಖಾಲಿ ಸೀಟಿನ ಮೇಲಿದ್ದ ಟವೆಲ್ ಸರಿಸಿ ಕೂತೆ.

ಅದನ್ನು ಕಿಟಕಿಯಿಂದ ತೂರಿ ಸೀಟು ಹಿಡಿದಿದ್ದ ಹಿರಿಯರು ನೂಕಿಕೊಂಡು ಬಂದರು. “ಏಳ್ರಿ ಸಾಹೇಬ್ರೆ, ಜಾಗ ನಂದೈತೆ. ಟವೆಲ್ ಕಾಣಲಿಲ್ಲೇನ್ರಿ?”

“ಟವೆಲ್ಲಿಗೆ ಎಂಥಾ ಹಕ್ಕುರೀ? ಬೇಕಾದ್ರೆ ಬಸ್ಸಿನವರನ್ನೆಲ್ಲ ಕೇಳ್ರಿ,” ಅಂದೆ, ಗ್ರೀಕರ ಧೈರ್ಯದ ಮೇಲೆ.

ಕಂಡಕ್ಟರ್ ಕೇಳಿಯೇಬಿಟ್ಟ: “ಟವೆಲ್ ಕಡೆ ಇರೋರು ಕೈ ಎತ್ರಿ!”

ಬಸ್ಸಿಗೆ ಬಸ್ಸೇ ಕೈ ಎತ್ತಿತು. ಟವೆಲ್ಲುಗಳಿಂದಲೇ ಸೀಟು ಸಿಗದೆ ನಿಂತಿದ್ದವರೂ ಎತ್ತಿದರು.

ಜೀವಮಾನವೆಲ್ಲ ಮಣ್ಣಲ್ಲಿ ಹುಡುಕಿದ ಸಭೆಯನ್ನು ಕೊನೆಗೂ ಕಣ್ಣಾರೆ ಕಂಡೆ. ದಾರಿಯ ಬಾತಿ ಊರು ದಾಟಿ ಹರಿಹರದವರೆಗೂ ಅದರ ಗೌರವಾರ್ಥ ನಿಂತೇ ಇದ್ದೆ.