ಚಿಗವ್ವನ ಹೆಸರಿನ ಕುದುರೆ

ಇವತ್ತು ಬೆಳಿಗ್ಗೆ ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಹಳೆಯ ಕೋಟು ನೇತಾಡುತ್ತಿತ್ತು. ಅದರ ವಾಸನೆಗೆ ನನ್ನ ಹೆಂಡತಿ ಎರಡು ಊದುಬತ್ತಿ ಹಚ್ಚಿದ್ದಳು. ಊದುಬತ್ತಿ ಸೋತಿತ್ತು. ನೆನೆಸಿದ ಕಡಲೆ, ಒಣಹುಲ್ಲು, ಬೆವರು, ಚೂರು ಬೇವಿನೆಣ್ಣೆ, ಇಷ್ಟು ಕೂಡಿದರೆ ಕುದುರೆಯ ವಾಸನೆಯಾಗುತ್ತದೆ ಎಂದು ತಿಳಿಯಿರಿ.

"ಏನ್ರಿ, ನಿಮ್ಮ ಕಾಕಾ ಒಬ್ಬರ ಬಂದಾರೋ, ಕುದುರಿನೂ ಕರಕೊಂಡು ಬಂದಾರೋ?" ಎಂದು ಆಕೆ ಅಡುಗೆಮನೆಯಿಂದ ಕೇಳಿದಳು. ಕಾಕಾ ಒಳಗೆ ಗೊರಕೆ ಹೊಡೆಯುತ್ತಿದ್ದರು. ಕುದುರೆ ಬಾಡಿಗೆಯ ಲೈಸನ್ಸ್ ನವೀಕರಿಸಲು ರಾಣೆಬೆನ್ನೂರಿನಿಂದ ಹಿಂದಿನ ಸಂಜೆಯೇ ಹಾವೇರಿಗೆ ಬಂದಿದ್ದರು. ನನಗೋ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು. ಹಲ್ಲುಜ್ಜುತ್ತ ನಕ್ಕು ಅರ್ಧ ಪೇಸ್ಟ್ ನುಂಗಿದೆ. ಕಾರಣ ಹೇಳದಿದ್ದರೆ ನೀವೂ ನನ್ನ ಹೆಂಡತಿಯ ಹಾಗೆ ಹಣೆ ಬಡಿದುಕೊಳ್ಳುತ್ತೀರಿ. ಬನ್ನಿ, ಹೇಳಿಯೇಬಿಡುತ್ತೇನೆ.

ಕಾಕಾನ ಹೆಂಡತಿ ನಮ್ಮ ಚಿಗವ್ವ. ಏಳೆಂಟು ವರ್ಷದ ಹಿಂದೆ, ಮೊಮ್ಮಕ್ಕಳನ್ನು ಆಡಿಸಬೇಕಾದ ವಯಸ್ಸಿನಲ್ಲಿ, ಆಕೆಗೆ ಕುದುರೆ ಸಾಕಿ ಲಗ್ನದ ಮೆರವಣಿಗೆಗೆ ಬಾಡಿಗೆ ಕೊಡಬೇಕು ಎನ್ನಿಸಿತು. ಬ್ಯಾಡಗಿಯ ತವರಿನಲ್ಲಿ ಆಕೆಯ ಅಪ್ಪನಿಗೆ ಟಾಂಗಾ ಇತ್ತು. ನಡೆಯುವುದಕ್ಕಿಂತ ಮೊದಲು ಕುದುರೆ ಏರಿದವಳು ನಾನು ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಏರಿದ್ದು ಮಾತ್ರ ಅಟ್ಟ, ಅದೂ ಉಪ್ಪಿನಕಾಯಿ ಭರಣಿ ಇಳಿಸಲು. ಒಂದು ದಿನ ಬ್ಯಾಡಗಿಗೆ ಹೋದವಳು ಚಂದ್ರಿ ಎಂಬ ಬಿಳಿ ಹೆಣ್ಣುಕುದುರೆಯನ್ನು ಟೆಂಪೋದಲ್ಲಿ ನಿಲ್ಲಿಸಿಕೊಂಡು ಬಂದಳು. ಮೆಣಸಿನಕಾಯಿ ಪೇಟೆಯ ಗದ್ದಲದಲ್ಲಿ ಬೆಳೆದ ಚಂದ್ರಿಗೆ ರಾಣೆಬೆನ್ನೂರು ತೀರ ಸಪ್ಪೆ ಊರಾಗಿ ಕಂಡಿರಬೇಕು.

ಕಾಕಾಗೆ ಬೀಜ-ಗೊಬ್ಬರದ ಅಂಗಡಿ. ಮಾತಿನಲ್ಲಿ ಬಹಳ ಬಿಗಿ. "ಎಮ್ಮಿ ಕಟ್ಟಿದ್ರ ಹಾಲರ ಬರ್ತಿತ್ತು. ಇದರಿಂದ ಏನ ಬರ್ತೈತಿ? ಜನಾ ನಗ್ತಾರ," ಎಂದರು. ಕುದುರೆ ಹಿತ್ತಿಲಿನಿಂದ ಕದಲುವುದಿಲ್ಲ ಎಂದು ಖಾತ್ರಿಯಾದ ಮೇಲೆ, "ಆಗ್ಲಿ, ಲೈಸನ್ಸ್ ನನ್ನ ಹೆಸರಿಲೆ ಮಾಡಸು. ಜಲ್ದಿ ಆಗ್ತೈತಿ," ಎಂದರು.

"ಮನಿ ನಿಮ್ಮ ಹೆಸರಿಲೆ. ಅಂಗಡಿ ನಿಮ್ಮ ಹೆಸರಿಲೆ. ಮೊನ್ನೆ ತಂದ ಮಿಕ್ಸರಿನ ಬಿಲ್ಲೂ ನಿಮ್ಮ ಹೆಸರಿಲೆ," ಎಂದಳು ಚಿಗವ್ವ. "ಕುದುರಿ ನನ್ನ ಹೆಸರಿಲೆ ಆಗ್ಬೇಕು. ಇಲ್ಲಂದ್ರ ನನಗ ಲೈಸನ್ಸೂ ಬ್ಯಾಡ, ಕುದುರಿನೂ ಬ್ಯಾಡ."

ಇಲ್ಲಿ ನನ್ನ ಪ್ರವೇಶ. ಹಾವೇರಿಯಲ್ಲಿ ಕಚೇರಿಗಳ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿಯನ್ನೂ ಟೈಪ್ ಮಾಡಿಕೊಡುತ್ತೇನೆ. ಕಾಕಾನ ಮನೆಯ ಕಾಗದಪತ್ರವೆಲ್ಲ ನನ್ನ ಬೆರಳಿನಿಂದಲೇ ಹೋಗಿರುವುದು. ಚಿಗವ್ವ ಫೋನಿನಲ್ಲಿ ಹೇಳಿದಳು, ನಾನು ಟೈಪ್ ಮಾಡಿದೆ, ಕಚೇರಿಗೆ ಕೊಟ್ಟೆ, ಮಿರ್ಚಿ ತಿಂದೆ. ಮೂರು ವಾರದ ಮೇಲೆ ಕಚೇರಿಯಿಂದ ಬಂದ ಪತ್ರ ಹಿಡಿದು ಚಿಗವ್ವ ಬಸ್ಸಿಳಿದು ನೇರ ಅಂಗಡಿಗೆ ಬಂದಳು. ಕನ್ನಡಕ ಹಾಕಿಕೊಂಡು ನಿಂತೇ ಓದಿದಳು.

"ತಮ್ಮಾ, ಇದು ಯಾರ ಕುದುರಿ?"

"ನಿಂದು, ಚಿಗವ್ವಾ."

"ಹಂಗಾರ ಇಲ್ಲಿ ನಿಮ್ಮ ಕಾಕಾ ಯಾಕ ಕುಂತಾರ?"

ಅರ್ಜಿದಾರರು ಎಂಬಲ್ಲಿ ಕಾಕಾನ ಹೆಸರಿತ್ತು. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ, ಕಾಕಾ ಕೂಡ. ಆ ಮನೆಯ ವಿಳಾಸ ಕಂಡೊಡನೆ ಬೆರಳುಗಳು ತಾವಾಗಿಯೇ ಆ ಹೆಸರಿಗೆ ನಡೆದುಬಿಟ್ಟಿದ್ದವು. ನಾಚಿಕೆಯಾಯಿತು. ಆಕೆಯ ಮುಖ ನೋಡಲಾರದೆ ಮೊದಲೇ ಒರೆಸಿದ್ದ ಮಷೀನಿನ ಗಾಜನ್ನು ಮತ್ತೆ ಒರೆಸಿದೆ. ಚಿಗವ್ವ ಬೈಯಲಿಲ್ಲ. ಸ್ಟೂಲ್ ಎಳೆದು ನನ್ನ ಪಕ್ಕದಲ್ಲಿ ಕೂತು, ತನ್ನ ಹೆಸರಿನ ಒಂದೊಂದು ಅಕ್ಷರ ಬೀಳುವುದನ್ನೂ ನೋಡಿ, ಆಮೇಲೆ ಎದ್ದಳು.

ಸರಿ, ಪರಿಶೀಲನೆಗೆ ಕಚೇರಿಯ ಸಾಹೇಬರು ರಾಣೆಬೆನ್ನೂರಿಗೆ ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಛತ್ರಿ. ನಾನು ತಪ್ಪಿನ ಪ್ರಾಯಶ್ಚಿತ್ತಕ್ಕೆಂದು ಅಂಗಡಿ ಮುಚ್ಚಿ ಹೋಗಿದ್ದೆ. ಅವರು ಚಂದ್ರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದರು: "ಅವ್ವಾರ, ಮ್ಯಾಲೆ ಒಬ್ಬರು ಕುಂತಿರಬೇಕು, ಮುಂದ ಬ್ಯಾಂಡ್ ಬಾರಿಸಬೇಕು, ಪಟಾಕಿ ಹಾರಿಸಬೇಕು. ಕುದುರಿ ಹೆದರಲಿಲ್ಲಂದ್ರ ಹಂಗಂತ ಬರೀತೇನಿ. ಇವತ್ತ ಆಗ್ಲಿಲ್ಲಂದ್ರ ನಾ ಮತ್ತ ಯಾವಾಗ ಬರ್ತೇನೋ ಗೊತ್ತಿಲ್ಲ."

ಬ್ಯಾಂಡಿನವರು ಕಾಕಾನ ಓಣಿಯಲ್ಲೇ ಇದ್ದರು. ಪಟಾಕಿ ಯಾರದೋ ಮನೆಯಲ್ಲಿ ಉಳಿದಿತ್ತು. ಏರುವವರು ಮಾತ್ರ ಇಲ್ಲ. ಲಗ್ನ ನಿಕ್ಕಿಯಾಗದವನು ಮದುಮಗನ ಕುದುರೆ ಏರಿದರೆ ಅವನಿಗೆ ಲಗ್ನವೇ ಆಗುವುದಿಲ್ಲ ಎಂದು ಓಣಿಯ ಮುದುಕಿಯೊಬ್ಬಳು ಹೇಳಿದ್ದೇ, ಹುಡುಗರೆಲ್ಲ ಗೋಡೆಗೆ ಸರಿದರು. ಲಗ್ನವಾದವರನ್ನು ಕೇಳಿದರೆ ಅವರ ಹೆಂಡಂದಿರು ಬಾಗಿಲಿಗೆ ಬಂದು ನಿಂತರು. "ಏರ್ರಿ, ಏರ್ರಿ. ಎರಡನೇ ಲಗ್ನದ ಆಸೆ ಇದ್ರ ಏರ್ರಿ. ಇಳಿದು ಎಲ್ಲಿ ಹೋಗ್ತೀರಿ ಅದನ್ನೂ ಹೇಳಿ ಏರ್ರಿ," ಎಂದಳು ಒಬ್ಬಾಕೆ. ಆತ ಏರಲಿಲ್ಲ.

ನಾನು ಆಗ ಅವಿವಾಹಿತ. ವಿಜ್ಞಾನದ ಪದವೀಧರ, ಮೂಢನಂಬಿಕೆಯ ಮೇಲೆ ಕಾಲೇಜಿನಲ್ಲಿ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವನು. ಎಲ್ಲರೂ ನನ್ನನ್ನು ನೋಡಿದರು. ಆ ವರ್ಷ ಇಬ್ಬರು ಕನ್ಯೆಯರ ಕಡೆಯವರು ನನ್ನನ್ನು ಬೇಡ ಎಂದಿದ್ದರು. ಖರೇ ಹೇಳುತ್ತೇನೆ, ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿದೆ.

ಕಾಕಾಗೆ ಹೇಳಿಕಳಿಸಿದರು. ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದು ಉತ್ತರ ಬಂತು. ಸಾಹೇಬರು ಗಡಿಯಾರ ನೋಡಿಕೊಂಡರು, ಫೈಲು ಮುಚ್ಚಿದರು.

"ಫೈಲ್ ತೆಗೀರಿ ಮತ್ತ," ಎಂದಳು ಚಿಗವ್ವ. ಸೆರಗನ್ನು ಸೊಂಟಕ್ಕೆ ಬಿಗಿದಳು. ಬಕೆಟ್ ಬೋರಲು ಹಾಕಿ ಅದರ ಮೇಲೆ ಒಂದು ಕಾಲಿಟ್ಟಳು. ನಾವು ಹಾಂ ಹಾಂ ಎನ್ನುವಷ್ಟರಲ್ಲಿ ಚಂದ್ರಿಯ ಮೇಲೆ ಕೂತಿದ್ದಳು. "ಬಾರಸ್ರಿ," ಎಂದಳು.

ಬ್ಯಾಂಡಿನವರು ಬಾರಿಸಿದರು ನೋಡಿ. ಪಟಾಕಿ ಹಾರಿದವು. ಚಂದ್ರಿ ಹೆದರುವುದು ಹಾಗಿರಲಿ, ಅದಕ್ಕೆ ಬ್ಯಾಡಗಿ ಪೇಟೆ ನೆನಪಾಗಿರಬೇಕು, ಕಿವಿ ನಿಮಿರಿಸಿ ಹೊರಟೇಬಿಟ್ಟಿತು. "ಸಾಕ್ರಿ, ಆತು, ಇಳೀರಿ," ಎಂದು ಸಾಹೇಬರು ಮೂರು ಸಲ ಕೂಗಿದರು. ಡೋಲಿನ ಮುಂದೆ ಯಾರ ಮಾತು ಕೇಳಬೇಕು? ಓಣಿ ತಿರುಗುವಷ್ಟರಲ್ಲಿ ಆ ಹೆಂಡಂದಿರೇ ಮುಂದೆ ನಿಂತು ಕುಣಿಯುತ್ತಿದ್ದರು. ಯಾರೋ ಅಕ್ಕಿಕಾಳು ಎರಚಿದರು. ಹಲಗೇರಿ ಬಸ್ಸಿನವನು ಬಸ್ ನಿಲ್ಲಿಸಿ ತಾಳಕ್ಕೆ ಸರಿಯಾಗಿ ಹಾರ್ನ್ ಬಾರಿಸಿದ. ಫೈಲು ಹಿಡಿದು ಹಿಂದೆ ಓಡಿ ಬರುತ್ತಿದ್ದ ಸಾಹೇಬರ ತಲೆಗೆ ಯಾರೋ ರುಮಾಲು ಸುತ್ತಿದರು. ಮುಂದಿನ ಚೌಕದಲ್ಲಿ ಅವರು ಛತ್ರಿ ಎತ್ತಿ ಕುಣಿಯುವುದನ್ನು ನಾನು ಕಣ್ಣಾರೆ ಕಂಡೆ. ಸೊಂಟ ಹಿಡಿದ ನಾನೂ ಕುಣಿದೆ. ಒಂದು ಚಪ್ಪಲಿ ಹೋಯಿತು. ಸಂತೋಷ ಎಂದರೆ ಅದು, ಮಾರಾಯರೆ. ಯಾರದೂ ಲಗ್ನವಿಲ್ಲ, ಊಟವಿಲ್ಲ, ಆದರೂ ಇಡೀ ಓಣಿ ಬೀಗರಾಗಿತ್ತು.

ಮೆರವಣಿಗೆ ಕಾಕಾನ ಅಂಗಡಿ ಮುಂದೆ ಬಂತು. ಕಾಕಾ ಕೈಯಲ್ಲಿ ಸೌತೆ ಬೀಜದ ಪೊಟ್ಟಣ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಚಿಗವ್ವ ಲಗಾಮು ಎಳೆದಳು. ಬ್ಯಾಂಡ್ ನಿಂತಿತು. ಈಗ ಜಗಳ ಗ್ಯಾರಂಟಿ ಎಂದು ನಾನು ಜನರ ಹಿಂದೆ ಸರಿದೆ. ಕಾಕಾ ಕತ್ತೆತ್ತಿ ಬಹಳ ಹೊತ್ತು ಹೆಂಡತಿಯನ್ನು ನೋಡಿದರು.

"ಬಿಸಲ ಭಾಳ ಐತಿ. ನೀರ ಕುಡದು ಹೋಗ," ಎಂದರು. ಒಳಗಿನಿಂದ ತಂಬಿಗೆ ತಂದುಕೊಟ್ಟರು. ಆಕೆ ಮೇಲೆಯೇ ಕುಡಿದು ತಂಬಿಗೆ ಮರಳಿಸಿದಳು. "ಬರ್ತೇನಿ," ಎಂದು ಚಂದ್ರಿಯನ್ನು ಮುಂದೆ ಬಿಟ್ಟಳು.

ಸಾಹೇಬರ ವರದಿಯನ್ನೂ ನಾನೇ ಟೈಪ್ ಮಾಡಿದೆ. "ಕುದುರೆ ಸಾಧುವಾಗಿದೆ. ಅರ್ಜಿದಾರರನ್ನು ಕೆಳಗಿಳಿಸುವುದು ಮಾತ್ರ ಕಷ್ಟ." ಎರಡನೇ ವಾಕ್ಯ ತೆಗೆಯೋಣವೇ ಎಂದು ಕೇಳಿದೆ. ಇರಲಿ, ಕಂಡದ್ದನ್ನೇ ಬರೆಯಬೇಕು ಎಂದರು. ಲೈಸನ್ಸ್ ಬಂತು, ಚಿಗವ್ವನ ಹೆಸರಿನಲ್ಲಿ.

ಈಚೆಗೆ ಕಾಕಾ ಅಂಗಡಿಯನ್ನು ಅಳಿಯನಿಗೆ ಬಿಟ್ಟಿದ್ದಾರೆ. ಮೆರವಣಿಗೆಯಲ್ಲಿ ಚಂದ್ರಿಯ ಲಗಾಮು ಹಿಡಿದು ನಡೆಯುತ್ತಾರೆ. ಡಾಕ್ಟರು ವಾಕಿಂಗ್ ಹೇಳಿದ್ದಾರೆ ಎನ್ನುತ್ತಾರೆ. ಚಿಗವ್ವ ತಾರೀಖು ಬರೆದುಕೊಂಡು ಹುಕುಂ ಕೊಡುತ್ತಾಳೆ.

ಇವತ್ತು ಹನ್ನೊಂದಕ್ಕೆ ಕಾಕಾನ ಜೊತೆ ನಾನೂ ಕಚೇರಿಗೆ ಹೋದೆ. ಕೌಂಟರಿನ ಹುಡುಗಿ ಬಹಳ ಒಳ್ಳೆಯವಳು. ಫಾರ್ಮು ತಿರುವಿ ನೋಡಿ, "ಅಜ್ಜಾರ, ಇಲ್ಲಿ ಅಮ್ಮಾರ ಸಹಿ ಬಿಟ್ಟೈತ್ರಿ. ಹೆಂಗೂ ಪ್ರತಿ ಸರ್ತಿ ನೀವ ಬರ್ತೀರಿ. ನಿಮ್ಮ ಹೆಸರಿಗೆ ಬದಲಿ ಮಾಡಿಬಿಡ್ಲೇನ್ರಿ? ಇಲ್ಲೇ ಸಹಿ ಮಾಡಿ ಹೋಗಬಹುದು," ಎಂದಳು.

ಕಾಕಾ ಎರಡೂ ಕೈಯಿಂದ ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು. "ಬ್ಯಾಡ ತಂಗಿ. ಊರಿಗೆ ಹೋಗಿ ಸಹಿ ಮಾಡಿಸಿಕೊಂಡು ಬರ್ತೇನಿ."

"ಕುದುರಿ ಮಾಲಕರು ನೀವ ಅಲ್ಲೇನ್ರಿ?"

"ಅಲ್ಲವ್ವಾ. ನಾ ಆಕೀ ಕಡೆ ಕೆಲಸಕ್ಕ ಇದ್ದೇನಿ," ಎಂದರು ಕಾಕಾ. ಆ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಠೀವಿಯನ್ನು ನೀವು ನೋಡಬೇಕಿತ್ತು. ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡಿಗೆ ನಡೆದರು.

ನಾನು ಅಂಗಡಿಗೆ ಬಂದೆ. ನನ್ನ ಹೆಂಡತಿ ಎಂದಿನ ಹಾಗೆ ಒಬ್ಬಳೇ ಎರಡು ಮಷೀನು ನಡೆಸುತ್ತ, ನಾಲ್ಕು ಜನ ರೈತರಿಗೆ ಫಾರ್ಮು ತುಂಬಿಸುತ್ತಿದ್ದಳು. ಆಕೆಯ ತಲೆಯ ಮೇಲೆ ಗೋಡೆಗೆ ನಮ್ಮ ಅಂಗಡಿಯ ಲೈಸನ್ಸು ತೂಗುಹಾಕಿದೆ. ಅದರಲ್ಲಿ ಒಂದೇ ಹೆಸರಿದೆ, ಆಕೆಯದಲ್ಲ. ಟೈಪ್ ಮಾಡಿದವನು ನಾನೇ.