ಕರಟದ ಇದ್ದಿಲಿಗೆ ಎರಡು ಸೀಟು

ಆಗಿನ ಭಟ್ಕಳದಲ್ಲಿ ಪೆಟ್ರೋಲನ್ನು ಕಣ್ಣಾರೆ ಕಂಡವರು ಹತ್ತು ಮಂದಿ ಇದ್ದರೆ ಹೆಚ್ಚು. ಆದರೂ ಅದು ತುಟ್ಟಿಯಾದ ವರ್ಷ ಅದಕ್ಕೆ ಶಾಪ ಹಾಕದ ಮನೆ ಊರಲ್ಲಿ ಒಂದೂ ಇರಲಿಲ್ಲ. ನಾನು ಕುಮಟೆಯಿಂದ ಸೊಸೆಯಾಗಿ ಬಂದು ಎರಡನೆಯ ವರ್ಷ. ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ನಮ್ಮ ಮನೆಗೆ ಅದು ಬಂದದ್ದು ಬಾಗಿಲಿಗೆ ಬರುವವರ ಬಾಯಲ್ಲಿ.

ಮೊದಲು ಬಂದವನು ಮಾವನ ಗಡ್ಡ ತೆಗೆಯುವ ಕ್ಷೌರಿಕ. ಕತ್ತಿ ಮಸೆಯುತ್ತಲೇ, "ಮುಂದಿನ ವಾರದಿಂದ ಸ್ವಲ್ಪ ಹೆಚ್ಚು ಕೊಡಬೇಕಾತದೆ ಮಾಸ್ತರ್ರೆ, ಪೆಟ್ರೋಲು ತುಟ್ಟಿ ಆತಲ್ಲ" ಎಂದ. ಮಾವ ನಿವೃತ್ತ ಶಾಲಾ ಮಾಸ್ತರರು. ಅರ್ಧ ಗಡ್ಡ ಹೋಗಿದ್ದರಿಂದ ವಾದಕ್ಕೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಮೀನಿನವಳು ಬಂದು ಬುಟ್ಟಿ ಇಳಿಸಿ ಅದೇ ಮಾತು ಹೇಳಿದಳು. ಅತ್ತೆ ಬಿಡುವವರಲ್ಲ.

"ನಿನ್ನ ತಲೆ ಮೇಲಿನ ಬುಟ್ಟಿ ಎಂತ, ಪೆಟ್ರೋಲ್ ಕುಡೀತದ್ಯೇನೆ?"

"ಬುಟ್ಟಿ ಕುಡಿಯೂದಿಲ್ಲ ಅಮ್ಮ," ಅಂದಳು ಅವಳು ಸಮಾಧಾನದಿಂದ. "ಆದ್ರೆ ಅಕ್ಕಿ ಅಂಗಡಿಯವ ಹಾಂಗೆ ಹೇಳಿ ನನ್ನ ಹತ್ರ ಹೆಚ್ಚು ತಕಂಡ. ನಾ ಮತ್ಯಾರ ಹತ್ರ ಹೇಳೂದು? ನಿಮ್ಮ ಹತ್ರ ಹೇಳೂದು."

ಅತ್ತೆ ಹೆಚ್ಚು ಕೊಟ್ಟು ಬಂಗಡೆ ತೆಗೆದುಕೊಂಡರು. ಆದರೆ ಆ ದಿನದ ಸಾರಿನಲ್ಲಿ ಬಂಗಡೆಗಿಂತ ಸೌತೆಕಾಯಿ ಜಾಸ್ತಿ ಇತ್ತು.

ನಮ್ಮ ಮನೆಯಲ್ಲಿ ಪೆಟ್ರೋಲಿನ ಪೆಟ್ಟು ನೇರವಾಗಿ ಬಿದ್ದದ್ದು ಮಾವನಿಗೆ. ತಿಂಗಳಿಗೊಮ್ಮೆ ಪಿಂಚಣಿಗೆಂದು ಅವರು ಹೊನ್ನಾವರಕ್ಕೆ ಹೋಗುತ್ತಿದ್ದರು. ಬಸ್ಸಿನ ಟಿಕೆಟ್ಟು ಒಮ್ಮೆ ಏರಿತು, ಮಳೆಗಾಲ ಮುಗಿಯುವಷ್ಟರಲ್ಲಿ ಇನ್ನೊಮ್ಮೆ ಏರಿತು. ಮಾವ ಬರುವಾಗ ತರುತ್ತಿದ್ದ ಬಿಸ್ಕೀಟಿನ ಪೊಟ್ಟಣ ಮೊದಲು ನಿಂತಿತು, ಆಮೇಲೆ ಪೇಪರು ನಿಂತಿತು. ಆಮೇಲೆ ಎರಡು ತಿಂಗಳಿಗೊಮ್ಮೆ ಹೋಗುವುದೆಂದಾಯಿತು. ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡನ ಸಂಬಳ ಮಾತ್ರ ಯಾವ ಬಸ್ಸನ್ನೂ ಹತ್ತಲಿಲ್ಲ, ಇದ್ದಲ್ಲೇ ಇತ್ತು.

ಇಷ್ಟರಲ್ಲಿ ಹೊಸದೊಂದು ಶುರುವಾಯಿತು. ಪೆಟ್ರೋಲು ದುಡ್ಡು ಕೊಟ್ಟರೂ ಸಿಗದಾಯಿತೆಂದು ಬಸ್ಸಿನವರು ಇದ್ದಿಲಿಗೆ ಇಳಿದರು. ಬಸ್ಸಿನ ಬೆನ್ನಿಗೆ ಬಚ್ಚಲ ಹಂಡೆಯನ್ನು ನಿಲ್ಲಿಸಿ ಕಟ್ಟಿದ ಹಾಗೆ ಒಂದು ದೊಡ್ಡ ಡ್ರಮ್ಮು. ಅದರೊಳಗೆ ಇದ್ದಿಲು ತುಂಬಿ ಕೆಳಗೆ ಬೆಂಕಿ ಕೊಟ್ಟು, ಕೈಚಕ್ರ ತಿರುಗಿಸಿ ಗಾಳಿ ಹಾಕಬೇಕು. ಅರ್ಧ ತಾಸು ತಿರುಗಿಸಿದ ಮೇಲೆ ಅದರ ಹೊಗೆಯಿಂದ ಬಸ್ಸು ಕೆಮ್ಮುತ್ತಾ ಓಡುತ್ತಿತ್ತು. ಊರಿಗೆ ಊರೇ ಹೋಗಿ ನೋಡಿ ಬಂತು. ನೋಡಿ ಬಂದ ಒಂದು ವಾರಕ್ಕೆ ಬಜಾರಿನಲ್ಲಿ ಇದ್ದಿಲೂ ತುಟ್ಟಿಯಾಯಿತು. ಇದ್ದಿಲಿನವನು ಮೂಟೆಗಟ್ಟಲೆ ಬಸ್ಸಿನವರಿಗೇ ಹಾಕುತ್ತಿದ್ದ. ಗಂಡನ ಅಂಗಿಗೆ ಇಸ್ತ್ರಿ ನಿಂತು, ನಾನು ಅದನ್ನು ಮಡಚಿ ಹಾಸಿಗೆಯಡಿ ಇಟ್ಟು ಮೇಲೆ ಮಲಗುವುದು ಶುರುವಾಯಿತು. "ಇಷ್ಟು ದಿನ ಬಸ್ಸು ನಿನ್ನ ಮಾವನ ಕಿಸೆಗೆ ಕೈ ಹಾಕ್ತಿತ್ತು, ಈಗ ನನ್ನ ಒಲೆಗೇ ಹಾಕ್ತು" ಎಂದು ಅತ್ತೆ ಹೊಗೆಯಾಡಿದರು. ಅವರು ಹುಟ್ಟಿದಾಗಿನಿಂದ ಬಸ್ಸು ಹತ್ತಿದವರಲ್ಲ. ಅದರ ಸದ್ದಿಗೇ ಹೆದರುತ್ತಿದ್ದರು.

ನನಗೆ ಏಳು ತಿಂಗಳು ತುಂಬಿತು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕು. ತವರಿನಿಂದ ಕರೆದೊಯ್ಯಲು ಬರಬೇಕಿದ್ದ ಅಪ್ಪನ ಬದಲು ಕಾಗದ ಬಂತು. ಬಂದುಹೋಗುವ ಖರ್ಚು ತನ್ನಿಂದಾಗದು, ಬೀಗರು ದೊಡ್ಡ ಮನಸ್ಸು ಮಾಡಿ ಕಳಿಸಿಕೊಡಬೇಕು ಎಂದು ಬರೆದಿತ್ತು. ಮಾವ ಕನ್ನಡಕ ತೆಗೆದು ಒರೆಸಿ, "ಇಲ್ಲೇ ಹೆತ್ತರೆ ಎಂತ ಆತದೆ?" ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈರುಳ್ಳಿ ಹೆಚ್ಚುತ್ತಾ ಅತ್ತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ಅತ್ತೆ ನನ್ನ ಮುಂದಿದ್ದ ಈಳಿಗೆಯನ್ನು ಎಳೆದುಕೊಂಡು, "ಬೆಳಿಗ್ಗೆಯಿಂದ ಒಂದೇ ಈರುಳ್ಳಿ ಹೆಚ್ತಾ ಇದ್ದೆ ನೀನು. ಹೋಗು, ಹಿತ್ತಲಲ್ಲಿ ಕರಟ ಎಷ್ಟದೆ ನೋಡು" ಎಂದರು.

ಕರಟ ಎಂಬ ಮಾತು ಯಾಕೆ ಬಂತೆಂದು ತಿಳಿಯದಿದ್ದರೂ ಹೋಗಿ ನೋಡಿದೆ. ಕಾಯಿ ತುರಿದು ಎಸೆದ ಕರಟ ಬಚ್ಚಲ ಪಕ್ಕದಲ್ಲಿ ನನ್ನೆತ್ತರ ಬಿದ್ದಿತ್ತು. ಅಂದಿನಿಂದ ಅತ್ತೆ ಅಕ್ಕಪಕ್ಕದ ಮನೆಗಳಿಗೂ ಹೋಗಿ ಕರಟ ಕೇಳತೊಡಗಿದರು. ಹಿತ್ತಲಲ್ಲಿ ಸೊಂಟದಷ್ಟು ಗುಂಡಿ ತೋಡಿಸಿ, ಕರಟ ಪೇರಿಸಿ ಬೆಂಕಿಯಿಟ್ಟು, ಉರಿ ಹಿಡಿದದ್ದೇ ಅಡಿಕೆಯ ಹಸಿ ಸೋಗೆ ಮುಚ್ಚಿ ಮೇಲೆ ಮಣ್ಣು ಮೆತ್ತಿದರು. ಮೂರನೆಯ ದಿನ ತೆಗೆದಾಗ ಮಿಣಮಿಣ ಮಿಂಚುವ ಕಪ್ಪು ಇದ್ದಿಲು. ಎರಡು ಗೋಣಿ ತುಂಬಿತು.

ಬಸ್ಸಿನ ಡ್ರೈವರು ಭಟ್ಕಳದವರೇ. ಮೆಹಂದಿ ಹಚ್ಚಿದ ಗಡ್ಡದ ವಯಸ್ಸಾದ ಸಾಹೇಬರು, ಮನೆಯಲ್ಲಿ ಆಡುವುದು ನವಾಯತಿ ಮಾತು, ನಮ್ಮ ಹತ್ತಿರ ಕನ್ನಡ. ಅತ್ತೆ ಅವರ ಮುಂದೆ ಗೋಣಿ ಬಿಚ್ಚಿದರು. ಸಾಹೇಬರು ಒಂದು ಚೂರು ತೆಗೆದು ಇನ್ನೊಂದಕ್ಕೆ ಬಡಿದರು. ಗಾಜಿನ ಬಳೆಯಂಥ ಸದ್ದು ಬಂತು.

"ಎಷ್ಟಕ್ಕೆ ಕೊಡ್ತೀರಿ ಅಮ್ಮ?"

"ದುಡ್ಡು ಬ್ಯಾಡ. ಹೊನ್ನಾವರದ ಹೊಳೆ ಈಚೆ ಕಾಸರಕೋಡ ತನಕ ಎರಡು ಸೀಟು ಕೊಡಿ. ಬಸುರಿ ಹುಡುಗಿ, ಮುಂದೆ ಕೂರಿಸ್ಬೇಕು."

"ಎರಡನೇದು ಯಾರಿಗೆ?"

"ನಂಗೇ," ಎಂದರು ಅತ್ತೆ. ಹೇಳಿದ ಮೇಲೆ ಅವರ ಮುಖದ ಬಣ್ಣವೇ ಇಳಿದದ್ದನ್ನು ನಾನು ನೋಡಿದೆ. ಮಾವನಿಗೆ ಮೊಣಕಾಲು ನೋವು, ಗಂಡನಿಗೆ ಅಂಗಡಿಯಿಂದ ರಜೆಯಿಲ್ಲ. ಬೇರೆ ಯಾರೂ ಇರಲಿಲ್ಲ.

ಹೊರಟ ದಿನ ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯೊಂದು ಒಡೆಯಿತು. ನನ್ನನ್ನು ಧೈರ್ಯವಾಗಿ ಕರೆದೊಯ್ಯಲು ಬಂದವರಿಗೆ ನಾನೇ ಧೈರ್ಯ ಹೇಳಿದೆ. ಸಪಾಟು ರಸ್ತೆಯಲ್ಲಿ ಬಸ್ಸು ಚೆನ್ನಾಗಿಯೇ ಓಡಿತು. ಶಿರಾಲಿ ದಾಟಿ ಮುಂದಿನ ಏರು ಬಂದಾಗ ಅದರ ಸ್ವರ ಇಳಿಯುತ್ತಾ ಬಂದು, ಅರ್ಧ ಏರಿನಲ್ಲಿ ದೊಡ್ಡ ನಿಟ್ಟುಸಿರು ಬಿಟ್ಟು ನಿಂತಿತು.

"ಗಂಡಸರೆಲ್ಲ ಇಳೀರಿ!" ಎಂದರು ಸಾಹೇಬರು. ಎಲ್ಲರೂ ಇಳಿದು ತಳ್ಳತೊಡಗಿದರು. ಕರಿ ಕೋಟು ಹಾಕಿದ್ದ ಹೊನ್ನಾವರದ ವಕೀಲರೊಬ್ಬರು, ಟಿಕೆಟ್ಟಿಗೆ ದುಡ್ಡು ಕೊಟ್ಟವನು ತಳ್ಳಬೇಕೆಂದು ಯಾವ ಕಾನೂನಿನಲ್ಲಿದೆ ಎಂದು ಕೇಳುತ್ತಲೇ ತಳ್ಳಿದರು. ಒಳಗೆ ನಾನೂ ಅತ್ತೆಯೂ ಪಲ್ಲಕ್ಕಿಯಲ್ಲಿ ಕೂತಂತೆ ಕೂತಿದ್ದೆವು. ಬಸ್ಸು ಅಲ್ಲಾಡಲಿಲ್ಲ. ಕ್ಲೀನರು ಬೆವರು ಸುರಿಸುತ್ತಾ ಕೈಚಕ್ರ ತಿರುಗಿಸಿದ. ಡ್ರಮ್ಮಿನಿಂದ ಬಿಳಿ ಹೊಗೆ ಬಂತೇ ಹೊರತು ಬೇರೇನೂ ಆಗಲಿಲ್ಲ.

ಅತ್ತೆ ಇಳಿದು ಹಿಂದೆ ಹೋದರು. ಹೊಗೆ ನೋಡಿದರು, ಮೂಗು ಅರಳಿಸಿದರು.

"ಬಿಳಿ ಹೊಗೆ ಬಂದ್ರೆ ಒಳಗೆ ತೇವ ಅದೆ ಅಂತ ಅರ್ಥ. ಯಾವ ಇದ್ದಿಲು ಹಾಕಿದ್ಯೋ?"

ಕ್ಲೀನರ್ ತಲೆ ಕೆರೆದುಕೊಂಡ. ಬಜಾರಿನಿಂದ ತಂದ ನೆಂದ ಇದ್ದಿಲು ಮೊದಲು ಖಾಲಿಯಾಗಲಿ, ಒಳ್ಳೆಯದು ನಾಳೆಗಿರಲಿ ಎಂದು ನಮ್ಮ ಗೋಣಿಗಳನ್ನು ಬಸ್ಸಿನ ತಲೆಯ ಮೇಲೆ ಕಟ್ಟಿದ್ದ.

"ನಾಳೆ ಹೆರ್ತಾಳ ಇವಳು? ಇಳಿಸು ಗೋಣಿ!"

ಆಮೇಲೆ ನಡೆದದ್ದನ್ನು ಆ ಬಸ್ಸಿನಲ್ಲಿದ್ದ ಯಾರೂ ಮರೆತಿರಲಾರರು. ಅತ್ತೆ ಸೆರಗು ಸೊಂಟಕ್ಕೆ ಕಟ್ಟಿದರು. ಕೆಳಗಿನ ಬೂದಿಯನ್ನು ಕೋಲಿನಿಂದ ಕೆದಕಿಸಿದರು. ತೇವದ ಇದ್ದಿಲು ತೆಗೆಸಿ ರಸ್ತೆಗೆ ಸುರಿಸಿದರು. ಕರಟದ ಇದ್ದಿಲನ್ನು ಸಣ್ಣದು ಕೆಳಗೆ, ದೊಡ್ಡದು ಮೇಲೆ ಎಂದು ತಾವೇ ನಿಂತು ಹಾಕಿಸಿದರು. "ಹಾಂಗಲ್ಲ, ಮೆತ್ತಗೆ ತಿರುಗ್ಸು, ಬೆಂಕಿ ಹೆದರ್ತದೆ" ಎಂದು ಕ್ಲೀನರನ್ನು ಸರಿಸಿ ಕೈಚಕ್ರವನ್ನೂ ಹಿಡಿದರು. ಮೂವತ್ತು ವರ್ಷ ಬಚ್ಚಲ ಒಲೆ ಊದಿದವರು. ವಕೀಲರು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೋರ್ಟಿನಲ್ಲಿ ನಿಂತಷ್ಟು ಭಕ್ತಿಯಿಂದ ನೋಡುತ್ತಿದ್ದರು. ಬಿಳಿ ಹೊಗೆ ನಿಂತು ನೀಲಿಯಾಯಿತು. ಸಾಹೇಬರು ಒಳಗಿಂದ ಚಾಲೂ ಮಾಡಿದರು. ಬಸ್ಸು ಒಮ್ಮೆ ಸೀನಿ ಗುಡುಗಿತು. "ಹತ್ತಿ, ಹತ್ತಿ, ನಿಂತ್ರೆ ಮತ್ತೆ ಹೋತದೆ!" ಎಂದು ಎಲ್ಲರೂ ಓಡೋಡಿ ಹತ್ತಿದರು. ಮುಖವಿಡೀ ಮಸಿಯಾದ ಅತ್ತೆ ನನ್ನ ಪಕ್ಕ ಕೂತು, "ಬಸ್ಸಂದ್ರೆ ಇಷ್ಟೇಯಾ?" ಎಂದರು. ಅಲ್ಲಿಂದ ಮುಂದೆ ನನ್ನ ಕೈ ಹಿಡಿಯಲಿಲ್ಲ.

ಕಾಸರಕೋಡದಲ್ಲಿ ಇಳಿದು ದೋಣಿಯಲ್ಲಿ ಶರಾವತಿ ದಾಟಿ ಹೊನ್ನಾವರ ಸೇರಿದೆವು. ಆಗ ಸೇತುವೆಯಿರಲಿಲ್ಲ. ಹೊನ್ನಾವರದ ದಡದಿಂದ ಕುಮಟೆಗೆ ಬೇರೆ ಬಸ್ಸು, ಬೇರೆ ಮಾಲೀಕ. ಟಿಕೆಟಿನವನು ಹೇಳಿದ ದರ ಕೇಳಿ ಅತ್ತೆ ಸೆರಗಿನ ಗಂಟು ಬಿಚ್ಚದೆ ಹಾಗೇ ನಿಂತರು. ಮಾವ ಕೊಟ್ಟದ್ದು ಹಳೆಯ ದರದ ಲೆಕ್ಕದಲ್ಲಿ. ದರ ಅದೇ ವಾರ ಮತ್ತೆ ಏರಿತ್ತು.

"ಒಬ್ಬರಿಗೆ ಸಾಕಾತದೆ. ನೀ ಹೋಗು," ಎಂದರು.

"ನಿಮ್ಮನ್ನ ಇಲ್ಲಿ ಬಿಟ್ಟು ನಾ ಹೋಗೂದಿಲ್ಲ," ಎಂದೆ. ಅತ್ತೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ನನ್ನ ಗಂಟನ್ನೂ ತಾವೇ ಎತ್ತಿಕೊಂಡು ಬಂದರಿನ ಕಡೆ ನಡೆದರು. ಅಲ್ಲಿ ಕಾಸರಕೋಡದಿಂದ ದಾಟಿಸಿದ ಒಣಮೀನನ್ನು ಕುಮಟೆಗೆ ಹೇರುತ್ತಿದ್ದ ಎತ್ತಿನ ಗಾಡಿಯೊಂದಿತ್ತು. ಗಾಡಿಯವನು ನನ್ನ ಹೊಟ್ಟೆ ನೋಡಿ ಹಿಂಜರಿದ. ಅತ್ತೆ, "ಎತ್ತಿಗೆ ಪೆಟ್ರೋಲು ಬೇಡವಲ್ಲ? ಹಾಂಗಾದ್ರೆ ಬಾಯಿ ಮುಚ್ಚಿ ಜಾಗ ಮಾಡು" ಎಂದರು. ಅವನು ನಕ್ಕು, ಮೂಟೆಗಳ ಮೇಲೆ ಹುಲ್ಲು ಹಾಸಿ ಕೂರಿಸಿದ.

ಏಳು ತಿಂಗಳಿನಿಂದ ಯಾವ ವಾಸನೆ ಬಂದರೂ ಹೊಟ್ಟೆ ತೊಳೆಸುತ್ತಿದ್ದ ನನಗೆ ಆ ದಿನ ಒಣಮೀನಿನ ಘಾಟಿನ ನಡುವೆ ಎಲ್ಲಿಲ್ಲದ ಹಸಿವಾಯಿತು. ಅತ್ತೆ ಕಟ್ಟಿ ತಂದಿದ್ದ ಅವಲಕ್ಕಿ ಪೂರ್ತಿ ತಿಂದು, ಗಾಡಿಯವನ ಪಾಲಿನ ರೊಟ್ಟಿಯನ್ನೂ ತಿಂದೆ.

ಕರ್ಕಿ ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ರಸ್ತೆ ಬದಿಯಲ್ಲಿ ಬಿಳಿ ಹೊಗೆ ಕಂಡಿತು. ಕುಮಟೆಯ ಬಸ್ಸು ನಿಂತಿತ್ತು. ಕುಮಟೆಯಲ್ಲಿ ಏನೋ ಕೆಲಸವಿದ್ದ ನಮ್ಮ ವಕೀಲರೂ ಅದರಲ್ಲಿದ್ದರು. ಅತ್ತೆಯನ್ನು ಕಂಡದ್ದೇ ಅವರು ಆ ಬಸ್ಸಿನ ಡ್ರೈವರಿಗೆ ಬೆಳಗಿನ ಕಥೆ ಹೇಳಿದರು. ಅವನು ಓಡಿಬಂದು ಕೈಮುಗಿದ.

"ಅಮ್ಮ, ಒಂಚೂರು ಇಳಿದು ನೋಡಿ."

"ಟಿಕೆಟ್ಟು ಎಷ್ಟಂದ್ರಿ?" ಎಂದು ಕೇಳಿದರು ಅತ್ತೆ, ಗಾಡಿಯ ಮೇಲಿಂದಲೇ.

ಅವನು ಮತ್ತೆ ಕೈಮುಗಿದ. ಅತ್ತೆಗೂ ಅಷ್ಟು ಗಟ್ಟಿ ಮನಸ್ಸಿರಲಿಲ್ಲ. "ಒಣಗಿದ ಇದ್ದಿಲು ಇದ್ರೆ ಹಾಕಿ, ಬೂದಿ ತೆಗೀರಿ, ಮೆತ್ತಗೆ ಗಾಳಿ ಕೊಡಿ" ಎಂದು ಹೇಳಿ ಗಾಡಿ ಹೊಡೆಸಿದರು. ವಕೀಲರು ಒಂದು ಕ್ಷಣ ಬಸ್ಸು ನೋಡಿ, ಒಂದು ಕ್ಷಣ ಗಾಡಿ ನೋಡಿ, ಕೋಟು ಎತ್ತಿ ಹಿಡಿದು ಓಡಿಬಂದು ಒಣಮೀನಿನ ಮೂಟೆಯ ಮೇಲೆ ಹತ್ತಿ ಕೂತರು.

ಸಂಜೆಗೆ ಮನೆ ಮುಟ್ಟಿದೆವು. ಆಯಿ, ಅಂದರೆ ನನ್ನ ತಾಯಿ, ಮಸಿ ಮುಖದ ಬೀಗಿತ್ತಿಯನ್ನು ಗುರುತಿಸದೆ, "ಇದ್ದಿಲು ಬ್ಯಾಡ ಮಾರಾಯ್ತಿ" ಎಂದುಬಿಟ್ಟಳು. ನಾನು ನಕ್ಕು ನಕ್ಕು ಜಗಲಿಯಲ್ಲೇ ಕೂತೆ. ಮದುವೆಯಲ್ಲಿ ಸೀರೆಯ ವಿಷಯಕ್ಕೆ ಮುನಿಸಿಕೊಂಡಿದ್ದ ಈ ಇಬ್ಬರು ಹೆಂಗಸರು ಆವರೆಗೆ ಸರಿಯಾಗಿ ಮಾತಾಡಿದವರಲ್ಲ.

ಸೊಸೆಯ ತವರಿನಲ್ಲಿ ಒಂದು ಹೊತ್ತು ಉಂಡು ಹೊರಡುವುದು ಅತ್ತೆಯ ಎಣಿಕೆ. ಆದರೆ ಭಟ್ಕಳದ ತನಕ ಹಿಂದಿರುಗಲು ಕೈಯಲ್ಲಿದ್ದ ದುಡ್ಡು ಟಿಕೆಟ್ಟಿಗೆ ಸಾಲದು. ಮಾವ ಪಿಂಚಣಿ ತಂದು ಕಳಿಸಬೇಕು, ತರಲು ಹೊನ್ನಾವರಕ್ಕೆ ಹೋಗಬೇಕು, ಹೋಗಲು ಟಿಕೆಟ್ಟು ತುಟ್ಟಿ. ಹೀಗೆ ಇವತ್ತು ನಾಳೆ ಎನ್ನುತ್ತಾ ಅತ್ತೆ ಎರಡು ತಿಂಗಳಿಗೂ ಮಿಕ್ಕಿ ಬೀಗರ ಮನೆಯಲ್ಲೇ ಉಳಿದರು. ಮೊದಲ ವಾರ ಸಂಕೋಚದಿಂದ ಅರ್ಧ ಹೊಟ್ಟೆ ಉಣ್ಣುತ್ತಿದ್ದರು. ಎರಡನೆಯ ವಾರ ಆಯಿಯ ಸಾರಿಗೆ ಹುಳಿ ಹೆಚ್ಚೆಂದರು. ಆಯಿ, ನಿಮ್ಮ ಮಗನಿಗೆ ಅದೇ ಸಾರು ಇಷ್ಟವಂತಲ್ಲ ಎಂದಳು. ಅಲ್ಲಿಂದ ಸ್ನೇಹ ಶುರುವಾಯಿತು. ಮೂರನೆಯ ವಾರ ನಮ್ಮ ಹಿತ್ತಲಲ್ಲೂ ಒಂದು ಗುಂಡಿ ಬಿತ್ತು. ಕೇರಿಯ ಕರಟವೆಲ್ಲ ಅಲ್ಲಿಗೆ ಬಂತು. ಇದ್ದಿಲು ಸೀಟಿಗೆ ಸಾಕಾಗುವಷ್ಟರಲ್ಲಿ, ಹೆರಿಗೆ ಮುಗಿಸಿಯೇ ಹೋಗಿ ಎಂದು ಆಯಿ ತಡೆದಳು. ಅಪ್ಪ ಮಾತ್ರ ತನ್ನ ಮನೆಯಲ್ಲಿ ತನಗೆ ಕೆಮ್ಮಲು ಜಾಗವಿಲ್ಲ ಎಂದು ಜಗಲಿಗೆ ಸ್ಥಳಾಂತರಗೊಂಡ.

ಭಟ್ಕಳದಿಂದ ಮಾವನ ಕಾರ್ಡುಗಳು ಬರುತ್ತಿದ್ದವು. "ಅನ್ನ ತಳ ಹಿಡಿಯದಂತೆ ಮಾಡುವ ಕ್ರಮ ತಿಳಿಸುವುದು" ಎಂದು ಒಂದರಲ್ಲಿ. "ಕ್ರಮ ತಿಳಿಯಿತು, ಫಲ ಕಾಣಲಿಲ್ಲ" ಎಂದು ಮುಂದಿನದರಲ್ಲಿ. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನು ಓದಿದಾಗ ನಗುತ್ತಿದ್ದರು. ಆಮೇಲೆ ಕಾರ್ಡನ್ನು ಇಸಿದುಕೊಂಡು ಸುಮ್ಮನೆ ಕೈಯಲ್ಲಿ ಹಿಡಿದು ಕೂರುತ್ತಿದ್ದರು.

ಮಗಳು ಹುಟ್ಟಿದಳು. ಹೆರಿಗೆ ಕಷ್ಟದ್ದಾಯಿತು. ಇಡೀ ಬೆಳಗು ಅತ್ತೆ ನನ್ನ ತಲೆಯ ಹತ್ತಿರ, ಆಯಿ ಕಾಲಿನ ಹತ್ತಿರ. ಹೆರಿಗೆ ಮಾಡಿಸಲು ಬಂದ ಮುದುಕಿಗೆ ಇಬ್ಬರೂ ಸೇರಿ ಬುದ್ಧಿ ಹೇಳಿ ಬೈಸಿಕೊಂಡರು. ಮಗುವನ್ನು ಮೊದಲು ಎತ್ತಿಕೊಂಡದ್ದು ಅತ್ತೆ. ಭಟ್ಕಳದಲ್ಲೇ ಉಳಿದಿದ್ದರೆ ನನಗೆ ಆಯಿ ಇರುತ್ತಿರಲಿಲ್ಲ, ಪೆಟ್ರೋಲು ಅಗ್ಗವಿದ್ದಿದ್ದರೆ ಅತ್ತೆ ಇರುತ್ತಿರಲಿಲ್ಲ. ಅವತ್ತು ನನಗೆ ಇಬ್ಬರೂ ಬೇಕಾಗಿತ್ತು.

ಹನ್ನೊಂದನೆಯ ದಿನ ಕಳೆದ ಮೇಲೆ ಅತ್ತೆ ಹೊರಟರು. ಕೊಡಲು ಎರಡು ಗೋಣಿ ಇದ್ದಿಲಿತ್ತು, ಹೊಳೆಯಾಚೆ ಸಾಹೇಬರ ಬಸ್ಸಿಗೆ ಒಂದು, ಕುಮಟೆಯ ಬಸ್ಸಿಗೆ ಒಂದು. ಡ್ರೈವರು ಮಾತಿಲ್ಲದೆ ಸೀಟು ಕೊಟ್ಟ. ನಾನು ಬಾಣಂತಿ, ಮನೆಯಲ್ಲೇ ಉಳಿದೆ. ಕಳಿಸಲು ಹೋದ ಆಯಿ ಬಂದು ಹೇಳಿದ್ದು ಇದು. ಬಸ್ಸು ಹೊರಡುತ್ತದೆಂದು ಇಬ್ಬರೂ ಅತ್ತರು. ಹೊರಡಲಿಲ್ಲ, ಕಣ್ಣೊರೆಸಿಕೊಂಡರು. ಮತ್ತೆ ಚಾಲೂ ಮಾಡಿದರು, ಮತ್ತೆ ಅತ್ತರು, ಮತ್ತೆ ನಿಂತಿತು. ನಿಂತು ನಿಂತು ಕಾಲು ನೋಯುತ್ತದೆಂದು ಆಯಿ ಒಳಗೆ ಹೋಗಿ ಬೀಗಿತ್ತಿಯ ಪಕ್ಕ ಕೂತು ಮಾತಿಗೆ ತೊಡಗಿದಳು. ಆಗ ಬಸ್ಸು ನಿಜವಾಗಿಯೂ ಹೊರಟಿತು. ನಿಲ್ಲಿಸಿದರೆ ಬೆಂಕಿ ಆರುತ್ತದೆಂದು ಡ್ರೈವರು ನಿಲ್ಲಿಸಲೊಪ್ಪಲಿಲ್ಲ. ಆಯಿ ಬಸ್ಸು ನಿಲ್ಲುವ ಹಳದೀಪುರದ ತನಕ ಹೋಗಿ, ಅಲ್ಲಿ ಇಳಿದು, ಅಷ್ಟೂ ದೂರ ನಡೆದು ಮನೆಗೆ ಬಂದಳು. ಸೆರಗಿನಲ್ಲಿ ಬಿಸಿಲಿಗೆ ಬೆವೆತ ಮುಖ ಒರೆಸಿಕೊಳ್ಳುತ್ತಾ ತೊಟ್ಟಿಲ ಪಕ್ಕ ಕೂತು, "ಅರ್ಧ ಮಾತು ಉಳಿದಿತ್ತು, ಆತು, ಎಲ್ಲ ಮುಗಿಸ್ಕಂಡು ಬಂದೆ" ಎಂದಳು.